ಗಂಜಿಗೆ ಬೆರೆಸಿದ ಪುಡಿ

ಕೊಟ್ಟಾರದಲ್ಲಿ ಹೆದ್ದಾರಿಗೆ ಮುಖ ಮಾಡಿ ಇರುವ ಜಿತೇಶನ ಅಂಗಡಿಗೆ ಬಂದವರು ಮೊದಲು ಕೇಳುವುದು, "ಸಿಸ್ಟರ್ ಇಲ್ವಾ?" ಎಂದು. ಜಿತೇಶನಿಗೆ ಅದರಿಂದ ಬೇಸರವೇನಿಲ್ಲ. ಅವನು ಕಾರ್ಮಿನ್‌ಳನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ಅದಕ್ಕೆ. ಡಬ್ಬಿಯ ಮೇಲೆ ಎಷ್ಟು ದಪ್ಪ ಅಕ್ಷರದಲ್ಲಿ ಏನೇ ಬರೆದಿರಲಿ, ಜನ ನಂಬುವುದು ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ಬಂದ ಹೆಂಗಸಿನ ಬಾಯಿಮಾತನ್ನು. ಅವಳು ವಾಮಂಜೂರಿನಿಂದ ಎರಡು ಬಸ್ಸು ಹಿಡಿದು ಹತ್ತು ಗಂಟೆಗೆ ಬಂದು, ಬ್ಯಾಗನ್ನು ಮೇಜಿನ ಕೆಳಗೆ ತುರುಕಿ, ಕನ್ನಡಕ ಏರಿಸಿ ನಿಂತರೆ ಅರ್ಧ ವ್ಯಾಪಾರ ಆದಂತೆಯೇ.

ಅಂಗಡಿ ಔಷಧಿಯದ್ದೂ ಅಲ್ಲ, ದಿನಸಿಯದ್ದೂ ಅಲ್ಲ. ಅಲ್ಲಿರುವುದೆಲ್ಲ ಪ್ರೊಟೀನು. ಹಾಲಿನಿಂದ ತೆಗೆದದ್ದು, ಸೋಯಾದಿಂದ ತೆಗೆದದ್ದು, ಬಟಾಣಿಯಿಂದ ತೆಗೆದದ್ದು, ಮೊಟ್ಟೆಯ ಬಿಳಿಯನ್ನು ಒಣಗಿಸಿ ಪುಡಿ ಮಾಡಿದ್ದು, ಮೀನಿನ ಚರ್ಮದಿಂದ ಇಳಿಸಿದ ಕೊಲಾಜೆನ್. ಕಾರ್ಮಿನ್ ನರ್ಸಿಂಗ್ ಕಲಿಯುವ ಕಾಲಕ್ಕೆ ಇಂಥ ಡಬ್ಬಿಗಳು ಒಂದೋ ಎರಡೋ ಇದ್ದವು. ಟೈಫಾಯ್ಡಿನಿಂದ ಎದ್ದವನಿಗೆ, ಹೆರಿಗೆಯಾಗಿ ಸೊರಗಿದವಳಿಗೆ ಡಾಕ್ಟರು ಬರೆದುಕೊಟ್ಟರೆ ಮಾತ್ರ ತರುವುದು. ಈಗ ಕಾಯಿಲೆಯವರಿಗಿಂತ ಗಟ್ಟಿಮುಟ್ಟಾಗಿರುವವರೇ ಹೆಚ್ಚು ಬರುತ್ತಾರೆ. ಸುರತ್ಕಲ್ಲಿನ ಇಂಜಿನಿಯರಿಂಗ್ ಹುಡುಗರಿಗೆ ತೋಳು ಉಬ್ಬಬೇಕು. ಮದುವೆ ಗೊತ್ತಾದ ಹುಡುಗಿಗೆ ಮುಖ ಹೊಳೆಯಬೇಕು. ಅರುವತ್ತು ದಾಟಿದವರಿಗೆ ಮೊಣಕಾಲು ನೋಯಬಾರದು. ಬಿಸ್ಕೆಟಿಗೂ ಪ್ರೊಟೀನು, ಚಕ್ಕುಲಿಗೂ ಪ್ರೊಟೀನು, ಬಾಟಲಿಯ ನೀರಿಗೂ ಪ್ರೊಟೀನು. "ಇನ್ನು ಗಾಳಿಗೆ ಹಾಕ್ಲಿಕ್ಕೆ ಮಾತ್ರ ಬಾಕಿ ಸಿಸ್ಟರ್" ಎಂದು ಜಿತೇಶನೇ ನಗುತ್ತಾನೆ. ಮೂರು ವರ್ಷದ ಹಿಂದೆ ಒಂದು ಗೋಡೆಗೆ ಸಾಕಾಗಿದ್ದ ಸರಕು ಈಗ ನಾಲ್ಕೂ ಗೋಡೆಗೆ ಹಬ್ಬಿದೆ.

ಕಾರ್ಮಿನ್ ಬೇಡದವರಿಗೆ ಬೇಡ ಎಂದೇ ಹೇಳುತ್ತಾಳೆ. "ನಿನಗೆ ಇದು ಎಂತಕ್ಕೆ ಮಾರಾಯ? ದಿನಾ ಎರಡು ಬಂಗುಡೆ ಮೀನು ತಿನ್ನು, ಹೋಗು" ಎಂದು ಹುಡುಗರನ್ನು ಓಡಿಸುತ್ತಾಳೆ. ಜಿತೇಶ ಆಗ ಫೋನು ನೋಡುವವನಂತೆ ತಲೆ ತಗ್ಗಿಸುತ್ತಾನೆ. ಆದರೆ ನಿಜವಾಗಿ ಬೇಕಾದವರು ಬಂದಾಗ ಅವಳ ದನಿಯೇ ಬೇರೆ. ವಾರ್ಡಿನಲ್ಲಿ ಅವಳು ಕಂಡಿದ್ದಾಳೆ: ಚೆನ್ನಾಗಿ ಹೊಲಿದ ಗಾಯವೂ ಕೂಡಿಕೊಳ್ಳದೆ ಬಾಯಿ ಬಿಡುವುದು, ಕಾಲು ಬಾತುಕೊಳ್ಳುವುದು, ಸಣ್ಣ ಜ್ವರವೊಂದು ಆಳನ್ನೇ ಎತ್ತಿಕೊಂಡು ಹೋಗುವುದು, ಎಲ್ಲ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೊಟೀನು ಕಡಿಮೆಯಾಗಿ. ಔಷಧಿ ಕೊಡುವುದು ಡಾಕ್ಟರು, ಆಳನ್ನು ಉಳಿಸುವುದು ಅನ್ನ ಎಂದು ಅವಳು ಕಿರಿಯ ನರ್ಸುಗಳಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡವಳು.

ಊರವರಿಗೆಲ್ಲ ಉಣ್ಣಲು ಕಲಿಸಿದ ಈ ಹೆಂಗಸಿಗೆ ಮನೆಯಲ್ಲಿ ಒಬ್ಬನಿಗೆ ಉಣಿಸಲಾಗಲಿಲ್ಲ. ಹೇಳಬೇಕಾದ್ದು ಅದನ್ನೇ.

ಆ ಒಬ್ಬ ಅವಳ ಗಂಡ ಸಿಪ್ರಿಯನ್. ಹಂಪನಕಟ್ಟೆಯ ಹಳೆಯ ಬೇಕರಿಯೊಂದರಲ್ಲಿ ನಲ್ವತ್ತು ವರ್ಷ ಕೆಲಸ ಮಾಡಿದವನು. ಬ್ರೆಡ್ಡು, ಕೇಕು ಎಲ್ಲ ಬರುತ್ತಿತ್ತು, ಆದರೆ ಹೆಸರಿದ್ದದ್ದು ಗೋಡಂಬಿಯ ಮ್ಯಾಕರೂನ್ ಎಂಬ ಸಿಹಿತಿಂಡಿಗೆ. ಮೊಟ್ಟೆಯ ಬಿಳಿಯನ್ನು ಹಳದಿಯ ಒಂದು ಚುಕ್ಕೆಯೂ ತಾಗದಂತೆ ಬೇರೆ ಮಾಡಿ, ನೊರೆ ಗಟ್ಟಿಯಾಗುವ ತನಕ ಕಡೆಯಬೇಕು. ಅದು ಅವನ ಕೈಗೆ ಮಾತ್ರ ಒಲಿದಿತ್ತು. ಬೇಕರಿ ಬಿಡುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವನ ಕಿಡ್ನಿಯನ್ನು ಮುಕ್ಕಾಲು ತಿಂದಿತ್ತು.

ಮೊದಲ ಎರಡು ವರ್ಷ ಡಾಕ್ಟರು ಹೇಳಿದ್ದು ಪ್ರೊಟೀನು ಕಡಿಮೆ ಮಾಡಿ ಎಂದು. ಕಾರ್ಮಿನ್ ಮೀನಿನ ತುಂಡನ್ನು ತೂಗಿ ಬಡಿಸಿದಳು. ಆಮೇಲೆ ಡಯಾಲಿಸಿಸ್ ಶುರುವಾಯಿತು, ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ. ಈಗ ಮಾತು ತಿರುಗಿತು. ಯಂತ್ರ ರಕ್ತವನ್ನು ತೊಳೆಯುವಾಗ ಪ್ರೊಟೀನನ್ನೂ ತೊಳೆದುಬಿಡುತ್ತದೆ, ಆದ್ದರಿಂದ ಹೆಚ್ಚು ತಿನ್ನಬೇಕು, ದಿನಕ್ಕೆ ನಾಲ್ಕು ಮೊಟ್ಟೆಯ ಬಿಳಿ. ಸಿಪ್ರಿಯನ್‌ಗೆ ಇದು ತಮಾಷೆಯಾಗಿ ಕಂಡಿತು. "ಎರಡು ವರ್ಷ ತಿನ್ಬೇಡ ಅಂದ್ರು, ಈಗ ತಿನ್ನು ಅಂತಾರೆ. ಇವರಿಗೇ ಸರಿ ಗೊತ್ತಿಲ್ಲ ಕಾರ್ಮಿನ್" ಎಂದ. ಆದರೂ ತಿನ್ನುತ್ತಿದ್ದ. ಮೀನು ಸಾರು ಬಂದರೆ ಅವನ ಮುಖ ಅರಳುತ್ತಿತ್ತು.

ಹಾಗಿರುವಾಗ ಸೊಸೆ ಟಾನ್ಯಾ ಮೂರನೆಯ ಸಲ ಬಸುರಿಯಾದಳು. ಮಗ ರೂಬನ್‌ಗೆ ಸುರತ್ಕಲ್ಲಿನ ರಿಫೈನರಿಯಲ್ಲಿ ಕೆಲಸ. ಗಂಡ ಹೆಂಡತಿ ಅಲ್ಲೇ ಬಾಡಿಗೆ ಮನೆಯಲ್ಲಿದ್ದರು. ಹಿಂದಿನ ಎರಡು ಬಸಿರೂ ನಾಲ್ಕನೆಯ ತಿಂಗಳಲ್ಲಿ ಹೋಗಿದ್ದವು. ಎರಡನೆಯ ಸಲ ಟಾನ್ಯಾ ಒಂದು ತಿಂಗಳು ಯಾರೊಡನೆಯೂ ಮಾತಾಡಿರಲಿಲ್ಲ. ಈ ಸಲ ನಾಲ್ಕನೆಯ ತಿಂಗಳು ನಡೆಯುತ್ತಿದ್ದಾಗಲೇ, ಈಸ್ಟರಿಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಬಂತು. ಇಗರ್ಜಿಯಿಂದ ಹಣೆಯಲ್ಲಿ ಬೂದಿ ಹಚ್ಚಿಸಿಕೊಂಡು ಬಂದ ಸಿಪ್ರಿಯನ್ ಮನೆಯ ಆಲ್ತಾರಿನ ಶಿಲುಬೆಯ ಮುಂದೆ ನಿಂತು ಹೆಂಡತಿಯನ್ನು ಕರೆದ.

"ನಾನೊಂದು ಹರಕೆ ಹೇಳಿದ್ದೇನೆ. ಈಸ್ಟರಿನವರೆಗೆ ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ. ಟಾನ್ಯಾಳ ಮಗುವಿಗೆ."

"ನಿಮಗೆ ತಲೆ ಸರಿ ಉಂಟಾ? ನಿಮ್ಮ ರಿಪೋರ್ಟಿನಲ್ಲಿ ಎಂತ ಉಂಟು ಗೊತ್ತುಂಟಾ? ಆಲ್ಬುಮಿನ್ ಮೂರಕ್ಕಿಂತ ಕೆಳಗೆ. ಮೂರೂವರೆಯಾದರೂ ಬೇಕು."

"ನಲ್ವತ್ತಾರು ದಿನ ಅಲ್ವಾ? ಸಾಯುವುದಿಲ್ಲ ನಾನು."

ಅವಳು ಪಾದ್ರಿ ಫಾದರ್ ಪೌಲ್ ಅವರನ್ನು ಮನೆಗೇ ಕರೆತಂದಳು. ಕಾಯಿಲೆಯವರಿಗೆ ಉಪವಾಸದ ನಿಯಮ ಇಲ್ಲ, ಧರ್ಮಸಭೆಯೇ ಬಿಟ್ಟುಕೊಟ್ಟಿದೆ ಎಂದು ಅವರು ತಾಳ್ಮೆಯಿಂದ ಹೇಳಿದರು. ಸಿಪ್ರಿಯನ್ ಎಲ್ಲ ಕೇಳಿಸಿಕೊಂಡು, "ಅದು ಇಗರ್ಜಿಯ ನಿಯಮ ಫಾದರ್, ಬಿಟ್ಟುಕೊಡ್ಲಿಕ್ಕೆ ಇಗರ್ಜಿಗೆ ಆಗ್ತದೆ. ಇದು ನಾನೇ ದೇವರಿಗೆ ಹೇಳಿದ್ದು" ಎಂದ. ಫಾದರ್ ಚಹಾ ಕುಡಿದು ಹೋದರು.

ಹಾಲು ಅವನಿಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಹಾಲಿನ ಪ್ರೊಟೀನು ತಂದು ಕೊಟ್ಟಳು, ಹೊಟ್ಟೆ ಕೆಟ್ಟಿತು. ಬಟಾಣಿಯದ್ದು ತಂದಳು, ಅದರ ಹಸಿ ವಾಸನೆಗೇ ವಾಂತಿ ಮಾಡಿದ. ಸೋಯಾವೂ ಅಷ್ಟೇ. ಎರಡನೆಯ ವಾರದ ರಿಪೋರ್ಟಿನಲ್ಲಿ ಆಲ್ಬುಮಿನ್ ಇನ್ನೂ ಇಳಿದಿತ್ತು. ಡಯಾಲಿಸಿಸ್ ನೋಡಿಕೊಳ್ಳುವ ಡಾಕ್ಟರ್ ದೀಕ್ಷಿತಾ ಕಾರ್ಮಿನ್‌ಳನ್ನು ಬದಿಗೆ ಕರೆದು, "ಸಿಸ್ಟರ್, ನಿಮಗೆ ನಾನು ಹೇಳ್ಬೇಕಾ?" ಎಂದಳು. ಮಗಳ ಪ್ರಾಯದ ಡಾಕ್ಟರಿಂದ ಆ ಮಾತು ಕೇಳಿ ಕಾರ್ಮಿನ್‌ಳ ಮುಖ ಸಣ್ಣದಾಯಿತು.

ಅಂದು ಸಂಜೆ ಅಂಗಡಿಯಿಂದ ಹೊರಡುವಾಗ ಅವಳು ಮೊಟ್ಟೆಯ ಬಿಳಿಯ ಪುಡಿಯ ಡಬ್ಬಿಯೊಂದನ್ನು ಬ್ಯಾಗಿಗೆ ಹಾಕಿಕೊಂಡಳು. ಅದಕ್ಕೆ ಬಣ್ಣವಿಲ್ಲ, ಹೆಚ್ಚು ವಾಸನೆಯಿಲ್ಲ, ಕಿಡ್ನಿಯವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದೇ ಕಟ್ಟುನಿಟ್ಟು: ಬಿಸಿಯದ್ದಕ್ಕೆ ಹಾಕಬಾರದು, ಹಾಕಿದರೆ ಮೊಟ್ಟೆ ಬೆಂದ ಹಾಗೆ ಬಿಳಿ ಎಳೆಎಳೆಯಾಗಿ ಗಟ್ಟಿಯಾಗುತ್ತದೆ. ಗಿರಾಕಿಗಳಿಗೆ ಅವಳು ಇದನ್ನು ನೂರು ಸಲ ಹೇಳಿದ್ದಾಳೆ. ಮರುದಿನದಿಂದ ಸಿಪ್ರಿಯನ್‌ನ ಕುಚಲಕ್ಕಿ ಗಂಜಿ ಉಗುರುಬೆಚ್ಚಗಾಗುವ ತನಕ ಕಾದು, ಬೆಳಿಗ್ಗೆ ಎರಡು ಚಮಚ, ರಾತ್ರಿ ಎರಡು ಚಮಚ ಬೆರೆಸಿದಳು. ಪಾಪ ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸಿತೇ? ಅನಿಸಿತು. ಆದರೆ ಗಂಡನ ಜೀವದ ಮುಂದೆ ಆ ಪಾಪ ಅವಳಿಗೆ ದೊಡ್ಡದಾಗಿ ಕಾಣಲಿಲ್ಲ, ಮತ್ತು ನನ್ನನ್ನು ಕೇಳಿದರೆ ಅವಳು ಮಾಡಿದ್ದರಲ್ಲಿ ತಪ್ಪೂ ಇಲ್ಲ.

ಮೂರು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಸಿಪ್ರಿಯನ್‌ನ ಕಾಲಿನ ಬಾವು ಇಳಿಯಿತು. ಆಲ್ಬುಮಿನ್ ಮೂರು ದಾಟಿತು. ಸುರತ್ಕಲ್ಲಿನಿಂದ ರೂಬನ್ ಫೋನು ಮಾಡಿ, ಟಾನ್ಯಾಳ ಸ್ಕ್ಯಾನ್ ಆಯಿತು, ಎಲ್ಲ ಸರಿ ಉಂಟು ಎಂದ. ಸಿಪ್ರಿಯನ್ ಫೋನು ಕೆಳಗಿಟ್ಟು, "ನೋಡಿದ್ಯಾ? ಮೀನಿಲ್ಲ, ಮೊಟ್ಟೆ ಇಲ್ಲ, ಆದ್ರೂ ನನಗೆ ಬಲ ಬಂದದ್ದು ನೋಡಿದ್ಯಾ? ಹರಕೆ ಅಂದ್ರೆ ಅದು" ಎಂದು ಹೆಂಡತಿಯ ಬೆನ್ನು ತಟ್ಟಿದ. ಕಾರ್ಮಿನ್ ನಕ್ಕು ಅಡುಗೆಮನೆಗೆ ಹೋದಳು.

ಉಪವಾಸ ಕಾಲದ ಐದನೆಯ ಶುಕ್ರವಾರ ಇಗರ್ಜಿಯಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಬೆಳಿಗ್ಗೆಯೇ ಇತ್ತು. ಸಿಪ್ರಿಯನ್ ಬೇಗ ಎದ್ದು, ಬಿಳಿ ಅಂಗಿ ತೊಟ್ಟು, ಮೇಜಿನ ಮುಂದೆ ಕುಳಿತು ಅವಸರ ಮಾಡಿದ. ಜಿತೇಶ ಆ ದಿನ ಹೊಸ ಸರಕು ಬರುತ್ತದೆ, ಬೇಗ ಬನ್ನಿ ಎಂದಿದ್ದ. ಗಂಜಿ ಒಲೆಯಿಂದ ಇಳಿದದ್ದೇ ಆಗ. ಮೂವತ್ತೆಂಟು ವರ್ಷ ಒಂದು ಚುಚ್ಚುಮದ್ದಿನಲ್ಲೂ ತಪ್ಪದವಳು ಆ ಬೆಳಿಗ್ಗೆ ತಪ್ಪಿದಳು. ಕೈ ತನ್ನ ಪಾಡಿಗೆ ಎರಡು ಚಮಚ ಪುಡಿ ಹಾಕಿ ತಿರುವಿತು, ಬಟ್ಟಲು ಅವನ ಮುಂದೆ ಹೋಯಿತು.

ಸಿಪ್ರಿಯನ್ ಚಮಚ ಎತ್ತಿದ. ಅದರ ತುದಿಯಿಂದ ಬಿಳಿ ಎಳೆಯೊಂದು ಇಳಿಬಿದ್ದಿತ್ತು. ಅವನು ಅದನ್ನು ಬೆರಳಿನಲ್ಲಿ ತೆಗೆದು, ಉಜ್ಜಿ ನೋಡಿ, ಮೂಸಿದ.

"ಕಾರ್ಮಿನ್, ಇದು ಮೊಟ್ಟೆಯ ಬಿಳಿ."

"ಅಲ್ಲ, ಗಂಜಿಯ ತಿಳಿ ಗಟ್ಟಿಯಾದದ್ದು."

"ನಲ್ವತ್ತು ವರ್ಷ ನಾನು ಎಂತ ಮಾಡಿದ್ದು?"

ಅವನು ಇನ್ನೊಂದೇ ಪ್ರಶ್ನೆ ಕೇಳಿದ: "ಯಾವತ್ತಿನಿಂದ?" ಎರಡನೆಯ ವಾರದಿಂದ ಎಂದು ಅವಳು ಹೇಳಿದಳು. ಬೈಯುತ್ತಾನೆ, ಬಟ್ಟಲು ಎಸೆಯುತ್ತಾನೆ ಎಂದುಕೊಂಡಿದ್ದಳು. ಅವನು ಎದ್ದು ಹೋಗಿ ಗಂಜಿಯನ್ನು ಚೆಲ್ಲಿ, ಬಟ್ಟಲನ್ನು ತಾನೇ ತೊಳೆದು ಕವುಚಿಟ್ಟ.

"ನೀನು ನನ್ನ ಮೇಲಿನ ಪ್ರೀತಿಯಿಂದಲೇ ಮಾಡಿದ್ದು, ಅದು ನನಗೆ ಗೊತ್ತುಂಟು. ಆದ್ರೆ ನಾನು ದೇವರ ಹತ್ರ ಸುಳ್ಳು ಹೇಳಿದ ಹಾಗಾಯ್ತಲ್ಲ. ಅದೂ ಆ ಮಗುವಿನ ಹೆಸರಿನಲ್ಲಿ." ಕೈ ಒರೆಸಿಕೊಂಡು ಮತ್ತೆ ಹೇಳಿದ: "ಇದು ಟಾನ್ಯಾಳಿಗೆ ಗೊತ್ತಾಗ್ಬಾರ್ದು. ಹೆದರಿ ಸಾಯ್ತಾಳೆ ಹುಡುಗಿ. ನಾನು ಇವತ್ತಿನಿಂದ ಹೊಸದಾಗಿ ಶುರು ಮಾಡ್ತೇನೆ. ಮಗು ಹುಟ್ಟುವವರೆಗೆ."

ಮಗು ಹುಟ್ಟುವುದು ಆಗಸ್ಟಿನಲ್ಲಿ. ಇದು ಏಪ್ರಿಲ್. ಕಾರ್ಮಿನ್ ಅತ್ತಳು, ಕಾಲು ಹಿಡಿದಳು, ಇನ್ನು ನಿಮ್ಮ ಯಂತ್ರದ ಹತ್ತಿರ ನಾನು ಬರುವುದಿಲ್ಲ ಎಂದು ಹೆದರಿಸಿಯೂ ನೋಡಿದಳು. ಅವನು ಅವಳ ಕೈ ಹಿಡಿದು ಆಲ್ತಾರಿನ ಶಿಲುಬೆಯ ಮೇಲೆ ಇರಿಸಿದ. "ಇನ್ನು ಹಾಕುವುದಿಲ್ಲ ಅಂತ ಹೇಳು." ಅವಳು ಹೇಳಿದಳು.

ಅವಳು ರೂಬನ್‌ನನ್ನು ಕರೆಸಿ, ಹರಕೆ ಬಿಡಲು ಅಪ್ಪನಿಗೆ ಹೇಳು ಎಂದಳು. ರೂಬನ್ ಅಪ್ಪನ ಮುಂದೆ ಸ್ವಲ್ಪ ಹೊತ್ತು ಕುಳಿತು ಎದ್ದುಬಂದ. ಅಂಗಳದಲ್ಲಿ ಬೈಕಿನ ಕೀಲಿ ತಿರುಗಿಸುತ್ತಾ ತಾಯಿಯ ಮುಖ ನೋಡದೆ ಹೇಳಿದ, "ಮಮ್ಮಿ, ಈ ಸಲ ಎಲ್ಲ ಸರಿಯಾಗಿ ಹೋಗ್ತಾ ಉಂಟು. ಈಗ ಏನೂ ಬದಲು ಮಾಡುವುದು ಬೇಡ." ಅವನು ಕೆಟ್ಟವನಲ್ಲ. ಎರಡು ಸಲ ಖಾಲಿ ಕೈಯಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದವನು, ಹೆದರಿಕೆ ಅವನ ಬಾಯಲ್ಲಿ ಆ ಮಾತು ಆಡಿಸಿತು. ಆದರೂ ಆ ದಿನ ಕಾರ್ಮಿನ್‌ಗೆ ಮಗನ ಮೇಲೆ ಬಂದ ಕೋಪ ಇಂದಿಗೂ ಪೂರ್ತಿ ಇಳಿದಿಲ್ಲ.

ಈಸ್ಟರ್ ಬಂದು ಹೋಯಿತು. ನೆರೆಮನೆಯ ಡೈಸಿ ಕೋಳಿಯ ಸಾರು ಕಳಿಸಿದಳು. ಸಿಪ್ರಿಯನ್ ಅದರ ಕಡೆ ನೋಡಲಿಲ್ಲ. ಬೇಳೆ ಬೇಯಿಸಿ, ನೀರು ಬಸಿದು ಕಾರ್ಮಿನ್ ಕೊಡುತ್ತಿದ್ದಳು, ಎರಡು ತುತ್ತಿಗೆ ಅವನ ಹೊಟ್ಟೆ ತುಂಬುತ್ತಿತ್ತು. ಮೇ ತಿಂಗಳಿಗೆ ಕೆನ್ನೆ ಒಳಗೆ ಹೋಯಿತು, ಮಳೆ ಹಿಡಿಯುವ ಹೊತ್ತಿಗೆ ಕಾಲು ಮತ್ತೆ ಬಾತುಕೊಂಡು ಚಪ್ಪಲಿ ಹಿಡಿಸದಾಯಿತು. ಡಾಕ್ಟರ್ ದೀಕ್ಷಿತಾ ಗದರಿದಳು, ಬೇಡಿಕೊಂಡಳು, ರಕ್ತನಾಳದಲ್ಲಿ ಕೊಡುವ ಆಲ್ಬುಮಿನ್ ಹೆಸರೆತ್ತಿದಳು. ಅದೂ ಮನುಷ್ಯರ ರಕ್ತದಿಂದಲೇ ತೆಗೆಯುವುದು ಎಂದು ತಿಳಿದು ಸಿಪ್ರಿಯನ್ ಅದನ್ನೂ ಬೇಡವೆಂದ.

ಡಬ್ಬಿ ಮಾತ್ರ ಅಡುಗೆಮನೆಯ ಕಪಾಟಿನಲ್ಲೇ ಇತ್ತು, ಅರ್ಧ ತುಂಬಿ. ಕಾರ್ಮಿನ್ ದಿನವೂ ಅದನ್ನು ಕೈಗೆತ್ತಿಕೊಳ್ಳುತ್ತಿದ್ದಳು. ಗಂಜಿ ಉಗುರುಬೆಚ್ಚಗಾಗಿರುತ್ತಿತ್ತು. ಈ ಸಲ ತಪ್ಪುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಪರೀಕ್ಷಿಸುತ್ತಿದ್ದರೆ, ಚಮಚ ಎತ್ತಿ ಮೂಸುತ್ತಿದ್ದರೆ, ಅವಳು ಖಂಡಿತ ಹಾಕಿಬಿಡುತ್ತಿದ್ದಳು, ಹಠಕ್ಕಾದರೂ. ಆದರೆ ಆ ಶುಕ್ರವಾರದ ಮೇಲೆ ಅವನು ಒಂದು ದಿನವೂ ಬಟ್ಟಲನ್ನು ನೋಡಲಿಲ್ಲ. ಅವಳು ಇಟ್ಟದ್ದನ್ನು ಕಣ್ಣುಮುಚ್ಚಿ ಉಂಡ. ಅವಳು ಡಬ್ಬಿಯನ್ನು ಮತ್ತೆ ಕಪಾಟಿನಲ್ಲಿಟ್ಟಳು. ಪ್ರತಿ ದಿನ ಎತ್ತಿದಳು, ಪ್ರತಿ ದಿನ ಇಟ್ಟಳು.

ಅದೇ ದಿನಗಳಲ್ಲಿ ಅಂಗಡಿಗೆ ಸಾಜಿದಾ ಎಂಬವಳು ಬರುತ್ತಿದ್ದಳು. ಅವಳ ತಾಯಿಗೂ ಡಯಾಲಿಸಿಸ್. ಕಾರ್ಮಿನ್ ಅವಳಿಗೆ ಮೊಟ್ಟೆಯ ಪುಡಿ ಕೊಟ್ಟು, ಎಷ್ಟು ಚಮಚ, ಯಾವಾಗ, ಬಿಸಿಗೆ ಯಾಕೆ ಹಾಕಬಾರದು ಎಂದೆಲ್ಲ ಹೇಳಿದಳು. ಜುಲೈಯಲ್ಲಿ ಸಾಜಿದಾ ಒಂದು ಪೊಟ್ಟಣ ಖರ್ಜೂರ ತಂದು ಮೇಜಿನ ಮೇಲಿಟ್ಟಳು. "ಉಮ್ಮ ಈಗ ಅವರೇ ಎದ್ದು ನಡೀತಾರೆ ಸಿಸ್ಟರ್. ನಿಮ್ಮಿಂದಲೇ ಆದದ್ದು" ಎಂದಳು. ಒಳ್ಳೆಯದಾಯಿತು ಎಂದು ಹೇಳಿ ಕಾರ್ಮಿನ್ ಗೋದಾಮಿಗೆ ಹೋಗಿ ಪೆಟ್ಟಿಗೆಗಳ ಮಧ್ಯೆ ನಿಂತು ಅತ್ತಳು. ಇನ್ನೊಬ್ಬರ ಮನೆಯ ಒಳ್ಳೆಯ ಸುದ್ದಿಗೆ ಹೊಟ್ಟೆ ಉರಿದದ್ದು ಅವಳ ಜೀವನದಲ್ಲಿ ಅದೇ ಮೊದಲು.

ಆ ವಾರವೇ ಸಿಪ್ರಿಯನ್‌ಗೆ ಜ್ವರ ಬಂತು. ಮಳೆಗಾಲದಲ್ಲಿ ಎಲ್ಲರಿಗೂ ಬರುವ ಜ್ವರ. ಎರಡು ದಿನದಲ್ಲಿ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ. ರಿಪೋರ್ಟಿನಲ್ಲಿ ಆಲ್ಬುಮಿನ್ ಎರಡರ ಹತ್ತಿರ ಇಳಿದಿತ್ತು. ಕಾರ್ಮಿನ್ ಕಾಗದ ಮಡಚಿ ಡಾಕ್ಟರಿಗೆ ಹಿಂದಿರುಗಿಸಿದಳು, ಅವಳಿಗೆ ಯಾರೂ ವಿವರಿಸಬೇಕಿರಲಿಲ್ಲ. ಮೂರನೆಯ ಮಧ್ಯಾಹ್ನ ಸಿಪ್ರಿಯನ್ ಮಾಸ್ಕನ್ನು ಬದಿಗೆ ಸರಿಸಿ ಅವಳನ್ನು ಹತ್ತಿರ ಕರೆದ.

"ಮತ್ತೆ ಎಂತದೂ ಹಾಕ್ಲಿಲ್ಲ ಅಲ್ವಾ?"

"ಇಲ್ಲ."

"ದೇವ್ ಬರೆಂ ಕರುಂ" ಎಂದ, ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು. ಅವಳ ಮೇಲೆ ಎಷ್ಟು ನಂಬಿಕೆಯಿತ್ತೆಂದರೆ ಮತ್ತೊಮ್ಮೆ ಕೇಳಲಿಲ್ಲ. ಮರುದಿನ ಹೋದ.

ಆಗಸ್ಟಿನಲ್ಲಿ ಟಾನ್ಯಾ ಹೆಣ್ಣು ಹೆತ್ತಳು. ಮೂರು ಕಿಲೋ ತೂಕದ, ಗಂಟಲು ಹರಿಯುವಂತೆ ಅಳುವ ಮಗು. ಶರೊನ್ ಎಂದು ಹೆಸರಿಟ್ಟರು. ಜ್ಞಾನಸ್ನಾನದ ದಿನ ವಾಮಂಜೂರಿನ ಮನೆಯ ತುಂಬ ಜನ. ಅಜ್ಜ ತನ್ನ ಆಯುಷ್ಯವನ್ನು ಮೊಮ್ಮಗಳಿಗೆ ಕೊಟ್ಟುಹೋದ ಎಂದು ಬಂದವರೆಲ್ಲ ಹೇಳಿದರು. ಫಾದರ್ ಪೌಲ್ ಕೂಡ ಪ್ರಸಂಗದಲ್ಲಿ ಅದನ್ನೇ ಸುತ್ತಿ ಬಳಸಿ ಹೇಳಿದರು. ಬಿಡಿ, ಊರಿಗೆ ಅಂಥ ಮಾತು ಬೇಕು. ಕಾರ್ಮಿನ್ ಎಲ್ಲರಿಗೂ ತಲೆ ಅಲ್ಲಾಡಿಸಿದಳು.

ಜನ ಊಟಕ್ಕೆ ಕುಳಿತಾಗ ಟಾನ್ಯಾ ಮಗುವನ್ನೆತ್ತಿಕೊಂಡು ಒಳಕೋಣೆಗೆ ಬಂದು, ಅತ್ತೆಯ ಮಡಿಲಲ್ಲಿ ಮಲಗಿಸಿ, ಕಾಲ ಬಳಿ ಕುಳಿತಳು.

"ಮಮ್ಮಿ, ಒಂದು ಮಾತು ನಿಮಗೆ ಹೇಳ್ಬೇಕು ಅಂತ ಎಷ್ಟು ದಿನದಿಂದ ಉಂಟು. ಇಡೀ ದಿನ ಪ್ರೊಟೀನಿನ ಅಂಗಡಿಯಲ್ಲಿ ಇರುವವರು ನೀವು. ಪಪ್ಪನಿಗೆ ಗೊತ್ತಾಗದ ಹಾಗೆ ಏನಾದ್ರೂ ಕೊಡ್ಲಿಕ್ಕೆ ನಿಮಗೆ ಎಷ್ಟು ಹೊತ್ತು? ನೀವು ಕೊಡ್ಲಿಲ್ಲ. ಪಪ್ಪನ ಹರಕೆ ನಡೆಸಿಕೊಟ್ರಿ."

ಕಾರ್ಮಿನ್ ಮಗುವಿನ ಹೊದಿಕೆ ಸರಿಪಡಿಸಿದಳು.

"ನನಗೆ ಆ ನಾಲ್ಕನೇ ತಿಂಗಳೇ ಹೆದರಿಕೆ ಇದ್ದದ್ದು" ಎಂದು ಟಾನ್ಯಾ ಕಣ್ಣೊರೆಸಿಕೊಂಡಳು. "ಮಾರ್ಚಿನಲ್ಲಿ ಸ್ಕ್ಯಾನ್ ಆಗಿ ಮಗುವಿನ ಎದೆಬಡಿತ ಕೇಳಿದ್ದೇ ಗೊತ್ತಾಯ್ತು, ಪಪ್ಪನ ಹರಕೆ ದೇವರಿಗೆ ಮುಟ್ಟಿತು ಅಂತ. ಅಲ್ಲಿಂದ ಮೇಲೆ ನನಗೆ ಹೆದರಿಕೆಯೇ ಆಗ್ಲಿಲ್ಲ."

ಮಾರ್ಚಿನಲ್ಲಿ. ಕಾರ್ಮಿನ್ ಮನಸ್ಸಿನಲ್ಲೇ ವಾರಗಳನ್ನು ಹಿಂದಕ್ಕೆ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. ಸ್ಕ್ಯಾನಿನ ಸುದ್ದಿ ಬಂದಾಗ ಸಿಪ್ರಿಯನ್‌ನ ಹೊಟ್ಟೆಯಲ್ಲಿ ದಿನಕ್ಕೆ ನಾಲ್ಕು ಚಮಚ ಮೊಟ್ಟೆಯಿತ್ತು. ಎರಡು ಮಕ್ಕಳನ್ನು ಕಸಿದ ತಿಂಗಳನ್ನು ಈ ಮಗು ದಾಟಿದ್ದು ಹರಕೆ ಮುರಿದಿದ್ದ ಆ ವಾರಗಳಲ್ಲೇ. ದೇವರು ಕೋಪಿಸಿಕೊಂಡಿರಲಿಲ್ಲ. ಏಪ್ರಿಲಿನ ಆ ಶುಕ್ರವಾರ ಅತ್ತು, ಕಾಲು ಹಿಡಿದು, ಬಾಯಿಗೆ ಬಂದದ್ದನ್ನೆಲ್ಲ ಹೇಳಿದವಳಿಗೆ ಈ ಒಂದು ಮಾತು ಹೊಳೆದಿರಲಿಲ್ಲ. ಇದನ್ನು ಹೇಳಿದ್ದರೆ ಅವನು ಕೇಳುತ್ತಿದ್ದ. ಅವನು ಹಠಮಾರಿ, ಆದರೆ ದೇವರ ವಿಷಯದಲ್ಲಿ ನ್ಯಾಯ ತಪ್ಪುವವನಲ್ಲ. ಚಮಚ ಕೆಳಗಿಟ್ಟು, ಯೋಚಿಸಿ, ಹೌದಲ್ಲ ಕಾರ್ಮಿನ್ ಎನ್ನುತ್ತಿದ್ದ.

"ಮಮ್ಮಿ, ಎಂತ ಆಯ್ತು? ನಾನು ಹೇಳಿದ್ದು ತಪ್ಪಾಯ್ತಾ?"

"ಇಲ್ಲ ಮಗಾ" ಎಂದಳು ಕಾರ್ಮಿನ್. "ನೀನು ಹೇಳಿದ್ದು ಸರಿಯೇ ಉಂಟು. ಮಗುವನ್ನು ಹಿಡ್ಕೋ, ನನಗೆ ಕೈಯಲ್ಲಿ ಬಲ ಇಲ್ಲ."